ಗಂಟು ನೋವಿನ ಅಮ್ಮನ ಜೊತೆ ಸೈಂಟ್ ಮೇರೀಸ್ ದ್ವೀಪಕ್ಕೆ: ರೈಲು, ರಿಕ್ಷಾ, ಬೋಟು

ಉಡುಪಿ ಹತ್ತಿರದ ಮಲ್ಪೆಯ ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬಂದವರೆಲ್ಲ ಕಲ್ಲಿನ ಫೋಟೊ ಹಾಕುತ್ತಾರೆ, ನೀರಿನ ಬಣ್ಣ ಹೊಗಳುತ್ತಾರೆ, ಅಲ್ಲಿಗೆ ಮುಗೀತು. ಬೋಟಿಗೆ ಹತ್ತುವ ಜಾಗ ಎಷ್ಟು ಎತ್ತರ, ಇಳಿಯುವಾಗ ಹಿಡಿದುಕೊಳ್ಳಲು ಏನಾದರೂ ಉಂಟಾ, ಕೂರಲು ನೆರಳು ಎಲ್ಲಿ ಎಂದು ಯಾರೂ ಹೇಳುವುದಿಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಬೇಕಾದದ್ದು ಅದೇ ಅಲ್ವಾ? ಸಮುದ್ರ ಚಂದ ಇರುತ್ತದೆ ಅಂತ ಎಲ್ಲರಿಗೂ ಗೊತ್ತು. ನಾನು ಬರೆಯುವುದು ಮೆಟ್ಟಿಲುಗಳ ಬಗ್ಗೆ.

ಮಂಗಳೂರಿನ ಉರ್ವದಲ್ಲಿ ನನ್ನದು ಸಣ್ಣ ಟೈಲರ್ ಅಂಗಡಿ. ರವಿಕೆ, ಚೂಡಿದಾರ್, ಜೂನ್ ಬಂದರೆ ಶಾಲೆಯ ಯೂನಿಫಾರ್ಮ್. ಅಳತೆ ನೋಡುವ ಚಟ ಉಂಟು, ಬ್ಯಾಗಿನಲ್ಲಿ ಯಾವಾಗಲೂ ಇಂಚು ಟೇಪ್ ಇರುತ್ತದೆ. ಅಮ್ಮನಿಗೆ ಎಪ್ಪತ್ತು ದಾಟಿದೆ. ವರ್ಷಗಟ್ಟಲೆ ನೆಲದ ಮೇಲೆ ಕೂತು ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಈಗ ಬಲಗಾಲಿನ ಗಂಟು ಸರಿಯಾಗಿ ಮಡಚುವುದಿಲ್ಲ. ಒಂಬತ್ತು ಹತ್ತು ಇಂಚಿನ ಮೆಟ್ಟಿಲಾದರೆ ತಾವೇ ಹತ್ತುತ್ತಾರೆ. ಅದಕ್ಕಿಂತ ಜಾಸ್ತಿಯಾದರೆ ಹಿಂದಿನಿಂದ ತಳ್ಳಬೇಕು. ತಳ್ಳಿದರೆ ಬೈಗುಳ.

ಡಿಸೆಂಬರ್ ರಜೆಗೆ ತಮ್ಮನ ಮಗ ಬೆಂಗಳೂರಿನಿಂದ ಬಂದಿದ್ದ. ಅವನಿಗೆ ವಂದೇ ಭಾರತ್‌ನಲ್ಲಿ ಕೂರಬೇಕು, ಬೋಟಿನಲ್ಲಿ ಹೋಗಬೇಕು. ಅಮ್ಮನನ್ನು ಕೇಳಿದರೆ ತುಳುವಿನಲ್ಲಿ "ಬೊಡ್ಚಿ", ಬೇಡ, ಎಂದರು. ಮೊಮ್ಮಗ ಕೇಳಿದ ಮೇಲೆ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದರು.

ಮೊದಲು ರೈಲು. ಮಂಗಳೂರು ಸೆಂಟ್ರಲ್‌ನಿಂದ ಬೆಳಗ್ಗೆ ಎಂಟೂವರೆಗೆ ಮಡಗಾಂವ್‌ಗೆ ಹೊರಡುವ ವಂದೇ ಭಾರತ್ 2023ರ ಡಿಸೆಂಬರ್ ಕೊನೆಯಲ್ಲಿ ಶುರುವಾದದ್ದು. ಉಡುಪಿಯಲ್ಲಿ ನಿಲ್ಲುತ್ತದೆ. ವಾರದಲ್ಲಿ ಒಂದು ದಿನ ಅದಕ್ಕೆ ರಜೆ, ಟಿಕೆಟ್ ಮಾಡುವಾಗ ನೋಡಿಕೊಳ್ಳಿ. ದ್ವೀಪಕ್ಕೆ ಹೋಗುವವರಿಗೆ ಇದರ ಹೊತ್ತು ಬಹಳ ಸರಿಯಾಗುತ್ತದೆ. ಹತ್ತು ಗಂಟೆಯ ಒಳಗೆ ಉಡುಪಿ. ಅಷ್ಟರಲ್ಲಿ ಮಲ್ಪೆಯಲ್ಲಿ ಬೋಟುಗಳು ಶುರುವಾಗಿರುತ್ತವೆ, ಬಿಸಿಲು ಇನ್ನೂ ತಲೆಗೆ ಏರಿರುವುದಿಲ್ಲ. ಮುಂಜಾನೆಯ ಸಾದಾ ಗಾಡಿಯಲ್ಲಿ ಹೋದರೆ ಟಿಕೆಟ್ ಬಹಳ ಕಮ್ಮಿ. ಆದರೆ ಅಷ್ಟು ಬೇಗ ಉಡುಪಿಗೆ ಹೋಗಿ ಇಳಿದು ಏನು ಮಾಡುವುದು? ಕೃಷ್ಣ ಮಠಕ್ಕೆ ಹೋಗಿ, ರಥಬೀದಿಯ ಮಿತ್ರ ಸಮಾಜದಲ್ಲಿ ಬನ್ಸ್ ತಿಂದು ಆಮೇಲೆ ಮಲ್ಪೆಗೆ ಹೋಗುವ ಯೋಚನೆ ಇದ್ದರೆ ಮಾತ್ರ ಆ ಗಾಡಿ. ಗಂಟು ಗಟ್ಟಿ ಇರುವವರಿಗೆ ನಾನು ಅದನ್ನೇ ಹೇಳುತ್ತೇನೆ.

ವಂದೇ ಭಾರತ್‌ನಲ್ಲಿ ನನಗೆ ಇಷ್ಟವಾದದ್ದು ಬಾಗಿಲು. ಗಾಡಿ ನಿಂತ ಮೇಲೆ ಬಾಗಿಲು ತೆರೆಯುವಾಗ ಕೆಳಗಿನಿಂದ ಒಂದು ಪಟ್ಟಿ ಮೆಟ್ಟಿಲು ಹೊರಗೆ ಬರುತ್ತದೆ. ಪ್ಲಾಟ್‌ಫಾರ್ಮ್‌ಗೂ ಬೋಗಿಗೂ ನಡುವಿನ ಸಂದು ಅದರಿಂದ ಮುಚ್ಚುತ್ತದೆ. ಅಮ್ಮ ಯಾರ ಕೈಯನ್ನೂ ಹಿಡಿಯದೆ ಒಳಗೆ ಹೋದರು. ಸಾಮಾನ್ಯ ಬೋಗಿಯಲ್ಲಿ ಕಬ್ಬಿಣದ ಕಂಬಿ ಹಿಡಿದು ಮೈಯನ್ನು ಮೇಲೆ ಎಳೆದುಕೊಳ್ಳಬೇಕಲ್ಲ, ಆ ಕಷ್ಟ ಇಲ್ಲಿಲ್ಲ. ಒಳಗೆ ಎಸಿ ಮಾತ್ರ ಅತಿ. ಅಮ್ಮ ಸೆರಗು ತಲೆ ಮೇಲೆ ಎಳೆದುಕೊಂಡು ಕೂತರು. ಒಂದು ಶಾಲು ಇಟ್ಟುಕೊಳ್ಳಿ.

ಇಷ್ಟವಾಗದ್ದು ದರ. ಮಂಗಳೂರಿನಿಂದ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸಿನ ಟಿಕೆಟ್ ಎಷ್ಟೋ ಅದರ ಹಲವು ಪಟ್ಟು. ಹೊತ್ತು ಏನಾದರೂ ಉಳಿಯುತ್ತದಾ ಎಂದರೆ ಅದೂ ಇಲ್ಲ. ಬಸ್ಸು ಹೆದ್ದಾರಿಯಲ್ಲಿ ಹೆಚ್ಚು ಕಮ್ಮಿ ಅಷ್ಟೇ ಹೊತ್ತಿಗೆ ಮುಟ್ಟಿಸುತ್ತದೆ. ರೈಲು ಸೆಂಟ್ರಲ್‌ನಿಂದ ಹೊರಟು ಮಂಗಳೂರು ಜಂಕ್ಷನ್ ಕಡೆಯಿಂದ ಊರನ್ನು ಸುತ್ತಿ, ಜೋಕಟ್ಟೆ ದಾಟಿ, ತೋಕೂರಿಗೆ ಬಂದ ಮೇಲೆ ಕೊಂಕಣ ರೈಲ್ವೆಯ ಹಳಿ ಶುರು. ಅಲ್ಲಿಂದ ಮುಂದೆ ಒಂದೇ ಹಳಿ. ಎದುರಿನಿಂದ ಗಾಡಿ ಬಂದರೆ ಯಾರಾದರೊಬ್ಬರು ನಿಲ್ಲಲೇಬೇಕು. ವಂದೇ ಭಾರತ್‌ಗೆ ಮರ್ಯಾದೆ ಜಾಸ್ತಿ, ಬೇರೆ ಗಾಡಿಯನ್ನು ನಿಲ್ಲಿಸಿ ಇದನ್ನು ಬಿಡುತ್ತಾರೆ.

ಆದರೂ ಕೊಟ್ಟ ದುಡ್ಡು ಹಾಳು ಎಂದು ನಾನು ಹೇಳುವುದಿಲ್ಲ. ಆ ದಾರಿಯಲ್ಲಿ ಕಿಟಕಿಯಿಂದ ನೋಡಲು ಉಂಟು. ಸುರತ್ಕಲ್‌ನಲ್ಲಿ ಸಾಲಾಗಿ ಲಾರಿಗಳನ್ನು ಹೊತ್ತ ಗೂಡ್ಸ್ ಗಾಡಿ ನಿಂತಿತ್ತು. ಲಾರಿ, ಅದರೊಳಗೆ ಡ್ರೈವರ್, ಕ್ಲೀನರ್, ಎಲ್ಲವೂ ರೈಲಿನ ಮೇಲೆ. ಹಾಗೇ ಮಹಾರಾಷ್ಟ್ರದ ಕೋಲಾಡ್‌ವರೆಗೆ ಹೋಗುತ್ತವೆ. ತಮ್ಮನ ಮಗ ಅಷ್ಟು ಹೊತ್ತು ನೋಡುತ್ತಿದ್ದ ಮೊಬೈಲ್ ಕೆಳಗಿಟ್ಟ. "ಅತ್ತೆ, ಲಾರಿಗೂ ಟಿಕೆಟ್ ಉಂಟಾ?" ಎಂದು ಕೇಳಿದ. ಉಂಟು, ಭಾರ ನೋಡಿ ದುಡ್ಡು. ಮುಲ್ಕಿಯಲ್ಲಿ ಶಾಂಭವಿ ಹೊಳೆಯ ಸೇತುವೆ ಬಂದಾಗ ಇಡೀ ಬೋಗಿ ಒಂದೇ ಕಡೆಗೆ ತಿರುಗಿತು. ಎರಡೂ ದಂಡೆಯಲ್ಲಿ ತೆಂಗು, ನಡುವೆ ಅಗಲ ನೀರು. ಕಿಟಕಿ ತೆರೆಯುವುದಿಲ್ಲ, ಆ ಗಾಳಿ ಸಿಗಲಿಲ್ಲ ಎನ್ನುವುದೊಂದೇ ಬೇಸರ. ಆ ಗಾಳಿ ಬೇಕಿದ್ದರೆ ಸಾದಾ ಗಾಡಿಯೇ ಆಗಬೇಕು.

ಇನ್ನಂಜೆ ದಾಟುವಾಗ ಅಮ್ಮ ಎದ್ದು ಕೂತರು. ಅದು ಶಂಕರಪುರ ಮಲ್ಲಿಗೆಯ ಸೀಮೆ. ಮನೆ ಮನೆಯ ಅಂಗಳದಲ್ಲಿ ಗಿಡ. ಹೂವಿನ ದರ ದಿನಾ ಬೆಳಗ್ಗೆ ಕಟ್ಟೆಯಲ್ಲಿ, ಅಂದರೆ ಹೂವು ಕೊಳ್ಳುವ ಜಾಗದಲ್ಲಿ, ಹೇಳುತ್ತಾರೆ. ಲೆಕ್ಕ ಅಟ್ಟೆಯಲ್ಲಿ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ, ಕೋಲ, ನಾಗಾರಾಧನೆಯ ದಿನಗಳಲ್ಲಿ ದರ ಕೇಳಿದರೆ ಎದೆ ಹೊಡೆದುಕೊಳ್ಳಬೇಕು. ಅಮ್ಮ ಎದುರಿನ ಸೀಟಿನ ಹೆಂಗಸಿನ ಹತ್ತಿರ ಇವತ್ತಿನ ರೇಟ್ ಎಷ್ಟು ಎಂದು ಕೇಳಿದರು. ಅವರು ಮಡಗಾಂವ್‌ಗೆ ಹೋಗುವವರು, ಕೊಂಕಣಿಯವರು, ಆದರೂ ರೇಟ್ ಗೊತ್ತಿತ್ತು! ಅಲ್ಲಿಂದ ಉಡುಪಿವರೆಗೆ ಇಬ್ಬರಿಗೂ ಮಾತು ಮುಗಿಯಲಿಲ್ಲ.

ಉಡುಪಿಗೆ ರೈಲು ಬಂದದ್ದು 1993ರಲ್ಲಿ. ಕೊಂಕಣ ರೈಲ್ವೆಯಲ್ಲಿ ತೋಕೂರು–ಉಡುಪಿ ತುಂಡು ಮೊದಲು ತೆರೆಯಿತು, ಮುಂಬೈ ಕಡೆಗೆ ಪೂರ್ತಿ ದಾರಿ ಆಗುವಾಗ 1998. ಅದಕ್ಕೆ ಮೊದಲು ಈ ಕರಾವಳಿಗೆ ಬಸ್ಸೇ ಗತಿ. ಬಸ್ಸಿನವರು ಅದನ್ನು ಇವತ್ತಿಗೂ ಮರೆತಿಲ್ಲ, ಓಡಿಸುವ ಸ್ಪೀಡ್ ನೋಡಿದರೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಉಡುಪಿಯಲ್ಲಿ ಈ ಗಾಡಿ ನಿಲ್ಲುವುದು ಸ್ವಲ್ಪವೇ ಹೊತ್ತು, ಬಾಗಿಲು ತಾನಾಗಿಯೇ ಮುಚ್ಚುತ್ತದೆ. ಸ್ಟೇಷನ್ ಬಂದ ಮೇಲೆ ಎದ್ದರೆ ಆಗಲಿಕ್ಕಿಲ್ಲ. ಹೊರಗೆ ಸ್ಟೇಷನ್ ಇರುವ ಇಂದ್ರಾಳಿ ಕಾಣುವ ಮೊದಲೇ ವಯಸ್ಸಾದವರನ್ನು ಬಾಗಿಲ ಹತ್ತಿರ ತಂದು ನಿಲ್ಲಿಸಿ.

ಈಗ ಈ ಪ್ರಯಾಣದ ಸಪ್ಪೆ ಭಾಗ. ಉಡುಪಿ ಸ್ಟೇಷನ್ ಇರುವುದು ಪೇಟೆಯಿಂದ ಮೂಡಣಕ್ಕೆ, ಇಂದ್ರಾಳಿಯಲ್ಲಿ. ಮಲ್ಪೆ ಇರುವುದು ಪೇಟೆಯಿಂದ ಪಡುವಣಕ್ಕೆ. ಹಾಗಾಗಿ ಇಡೀ ಉಡುಪಿಯನ್ನು ಅಡ್ಡ ದಾಟಬೇಕು. ದುಡ್ಡು ಉಳಿಸುವವರು ಸ್ಟೇಷನ್‌ನಿಂದ ಮುಖ್ಯ ರಸ್ತೆಗೆ ನಡೆದು, ಮಣಿಪಾಲದಿಂದ ಬರುವ ಬಸ್ ಹಿಡಿದು, ಸಿಟಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಮಲ್ಪೆ ಬಸ್ ಹತ್ತಬಹುದು. ಬಸ್ ಬೇಕಾದಷ್ಟು ಉಂಟು. ಆದರೆ ಸಿಟಿ ಬಸ್ಸಿನ ಮೊದಲ ಮೆಟ್ಟಿಲನ್ನು ಯಾರ ಅಳತೆಗೆ ಮಾಡುತ್ತಾರೋ ನನಗೆ ಗೊತ್ತಿಲ್ಲ. ಸೀರೆ ಉಟ್ಟ ಹೆಂಗಸಿನ ಅಳತೆಗೆ ಅಂತೂ ಅಲ್ಲ. ಎರಡು ಸಲ ಅದನ್ನು ಹತ್ತಿ ಇಳಿಸುವುದಕ್ಕಿಂತ ರಿಕ್ಷಾವೇ ವಾಸಿ. ಮೊದಲು ಸಿಕ್ಕಿದ ರಿಕ್ಷಾದವರು ಮಲ್ಪೆ ಎಂದ ಕೂಡಲೇ ಟೂರಿಸ್ಟ್ ರೇಟ್ ಹೇಳಿದರು. ಅಮ್ಮ ತುಳುವಿನಲ್ಲಿ ಎರಡು ಮಾತಾಡಿದರು. ರೇಟ್ ಇಳಿಯಿತು, ಆದರೆ ಅಷ್ಟರಲ್ಲಿ ಅಮ್ಮನಿಗೆ ಸಿಟ್ಟು ಬಂದಿತ್ತು, ಹಿಂದಿನ ರಿಕ್ಷಾಕ್ಕೆ ಹೋಗಿ ಕೂತರು. ಕಲ್ಸಂಕ, ಆದಿ ಉಡುಪಿ, ಕಲ್ಮಾಡಿ, ಮಲ್ಪೆ.

ಮಲ್ಪೆಯಲ್ಲಿ ಬೋಟಿಗೆ ಎರಡು ಕಡೆ ಉಂಟು. ಇದನ್ನು ಮೊದಲೇ ಗೊತ್ತು ಮಾಡಿಕೊಂಡು ಹೋಗಿ. ಒಂದು ಬೀಚಿನಿಂದ, ಇನ್ನೊಂದು ಮೀನುಗಾರಿಕಾ ಬಂದರಿನಿಂದ. ಬೀಚಿನಲ್ಲಿ ಸಣ್ಣ ಬೋಟು. ಬೇಗ ಹೊರಡುತ್ತದೆ, ಬೇಗ ಮುಟ್ಟುತ್ತದೆ, ಅಲೆಗೆ ಹಾರುತ್ತದೆ, ಮಕ್ಕಳಿಗೆ ಖುಷಿ. ಆದರೆ ಹತ್ತಬೇಕಾದರೆ ಮರಳಲ್ಲಿ ನಡೆದು, ಮೊಣಕಾಲಿನವರೆಗೆ ನೀರಿಗಿಳಿದು, ಅಲ್ಲಾಡುತ್ತಿರುವ ಬೋಟಿನ ಅಂಚಿಗೆ ಕಾಲು ಎತ್ತಿ ಹಾಕಬೇಕು. ಅಮ್ಮನಿಗೆ ಅದು ಆಗದ ಮಾತು. ಬಂದರಿನಲ್ಲಿ ದೊಡ್ಡ ಬೋಟು, ಕಾಂಕ್ರೀಟ್ ಧಕ್ಕೆಯಿಂದ, ಅಂದರೆ ಬೋಟು ಬಂದು ನಿಲ್ಲುವ ಕಟ್ಟೆಯಿಂದ, ಹತ್ತುವುದು. ಗಂಟು ನೋವಿನವರಿಗೆ ಬಂದರೇ ಸರಿ, ಎರಡನೇ ಯೋಚನೆ ಬೇಡ.

ಬಂದರಿನ ವಾಸನೆಗೆ ಮಾತ್ರ ತಯಾರಾಗಿ ಹೋಗಬೇಕು. ಕರ್ನಾಟಕದ ದೊಡ್ಡ ಮೀನುಗಾರಿಕಾ ಬಂದರು ಅದು, ಅತ್ತರಿನ ವಾಸನೆ ಬರುತ್ತದಾ? ಟ್ರಾಲ್ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಐಸ್ ಪುಡಿ ಮಾಡುವ ಸದ್ದು, ಏಲಂ ಕೂಗು, ಬಲೆ ರಾಶಿ ಹಾಕಿಕೊಂಡು ಹೊಲಿಯುವವರು. ಬಲೆ ಹೊಲಿಯುವುದನ್ನು ನಾನು ಸುಮಾರು ಹೊತ್ತು ನಿಂತು ನೋಡಿದೆ. ಅಳತೆಗೆ ಟೇಪ್ ಇಲ್ಲ, ಬೆರಳೇ ಅಳತೆ, ಆದರೂ ಕಣ್ಣು ಕಣ್ಣೂ ಒಂದೇ ಸಮ. ಜೂನ್, ಜುಲೈ ಎರಡು ತಿಂಗಳು ಈ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬಂದರೆ ಎಲ್ಲ ಬೋಟುಗಳೂ ಇಲ್ಲೇ ಕಟ್ಟಿರುತ್ತವೆ, ಕೆಲಸ ಮಾತ್ರ ಇರುವುದಿಲ್ಲ. ದ್ವೀಪದ ಬೋಟುಗಳೂ ಮಳೆಗಾಲದಲ್ಲಿ ಇಲ್ಲ, ಅವು ಮೀನಿನ ಬೋಟು ಹೊರಟ ಮೇಲೂ ಕೆಲವು ವಾರ ಕಾಯುತ್ತವೆ. ಮಳೆಗಾಲದಲ್ಲಿ ಕೊಂಕಣ ರೈಲ್ವೆಗೂ ಬೇರೆಯೇ ಟೈಮ್ ಟೇಬಲ್, ಗುಡ್ಡ ಜರಿಯುವ ಭಯಕ್ಕೆ ಗಾಡಿಗಳ ವೇಗ ಕಮ್ಮಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹೋಗುವುದೇ ಒಳ್ಳೆಯದು.

ಟಿಕೆಟ್ ಹೋಗಿ ಬರಲು ಸೇರಿಸಿಯೇ. ನಾವು ಹೋದಾಗ ಒಬ್ಬರಿಗೆ ಮುನ್ನೂರರ ಮೇಲೆ ಆಯಿತು. ಜಾಸ್ತಿಯೇ. ಇಷ್ಟು ಜನ ಸೇರಿದರೆ ಮಾತ್ರ ಬೋಟು ಹೊರಡುತ್ತದೆ, ಅಲ್ಲಿಯವರೆಗೆ ಕಾಯಬೇಕು. ವಾರದ ನಡುವೆ ಕಾಯುವುದು ಜಾಸ್ತಿ, ನೂಕುನುಗ್ಗಲು ಕಮ್ಮಿ. ಭಾನುವಾರ ಇದರ ಉಲ್ಟಾ. ಅಮ್ಮನಂಥವರಿಗೆ ವಾರದ ನಡುವೆಯೇ ಒಳ್ಳೆಯದು. ನಾವು ಕಾಯುವಾಗ ಶಾಲೆಯ ಮಕ್ಕಳ ಒಂದು ಬಸ್ಸು ಬಂತು. ಬೋಟು ತುಂಬಿತು, ಜೊತೆಗೆ ಕಿವಿಯೂ ತುಂಬಿತು.

ಧಕ್ಕೆಯಿಂದ ಬೋಟಿಗೆ ಹತ್ತುವುದು ಸಮುದ್ರದ ಏರಿಳಿತದ ಮೇಲೆ ಹೋಗುತ್ತದೆ. ಭರತ ಇದ್ದರೆ ಬೋಟು ಧಕ್ಕೆಯ ಮಟ್ಟಕ್ಕೆ ಬಂದಿರುತ್ತದೆ, ಸುಲಭ. ಇಳಿತ ಇದ್ದರೆ ಕೆಳಗೆ ಇಳಿಯಬೇಕು. ಕೌಂಟರ್‌ನಲ್ಲಿ ಕೇಳಿದರೆ ಹೇಳುತ್ತಾರೆ, ಕೇಳಲು ನಾಚಿಕೆ ಬೇಡ. ನಮಗೆ ನಡು ನೀರು. ಬೋಟಿನ ಹುಡುಗರು ಇಬ್ಬರು ಎರಡೂ ಕಡೆಯಿಂದ ಹಿಡಿದು "ಮೆಲ್ಲ ಜಪ್ಪುಲೆ ಅಮ್ಮಾ, ಕೈ ಕೊರ್ಲೆ" ಎಂದರು, ಮೆಲ್ಲ ಇಳಿಯಿರಿ, ಕೈ ಕೊಡಿ ಅಂತ. ಹತ್ತು ಸಲ ಹೇಳಿದರು, ಒಂದು ಸಲವೂ ಅವಸರ ಮಾಡಲಿಲ್ಲ. ಆ ಹುಡುಗರಿಗೆ ಪೂರ್ತಿ ಮಾರ್ಕು.

ಲೈಫ್ ಜಾಕೆಟ್ ಎಲ್ಲರಿಗೂ ಕೊಡುತ್ತಾರೆ. ನಾನು ಹೊಲಿಗೆ ನೋಡಿದೆ. ಪಟ್ಟಿ ಸೇರುವ ಕಡೆ ಚೌಕವಾಗಿ ಹೊಲಿದು, ನಡುವೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ ಹಾಕಿರಬೇಕು. ಆಗ ಎಷ್ಟು ಎಳೆದರೂ ಕಿತ್ತು ಬರುವುದಿಲ್ಲ. ನನಗೂ ಹುಡುಗನಿಗೂ ಕೊಟ್ಟದ್ದು ಸರಿ ಇತ್ತು. ಅಮ್ಮನಿಗೆ ಕೊಟ್ಟದ್ದರ ಕ್ಲಿಪ್ ಹೋಗಿತ್ತು, ಪಟ್ಟಿಯನ್ನು ಸುಮ್ನೆ ಗಂಟು ಹಾಕಿದ್ದರು. ಬದಲಿಸಿ ಕೊಡಿ ಎಂದೆ. ಮಾತಾಡದೆ ಬೇರೆ ಕೊಟ್ಟರು. ಕೊಡುತ್ತಾರೆ ಎಂದ ಮೇಲೆ ಕೇಳುವುದು ನಮ್ಮ ಕೆಲಸ. ಫೋಟೊಗೆ ಚಂದ ಕಾಣುವುದಿಲ್ಲ ಎಂದು ಕ್ಲಿಪ್ ಬಿಚ್ಚಿ ಹಾಕಿಕೊಳ್ಳುವವರನ್ನೂ ನೋಡಿದೆ. ಅವರಿಗೆ ಏನು ಹೇಳುವುದು.

ಸುಮಾರು ಅರ್ಧ ಗಂಟೆಯ ದಾರಿ. ಬಂದರಿನ ಬಾಯಿ ದಾಟಿದ ಮೇಲೆ ನೀರಿನ ಬಣ್ಣವೇ ಬೇರೆ. ಆದರೆ ಸ್ಪೀಕರ್! ಅಷ್ಟು ಸಣ್ಣ ಬೋಟಿಗೆ ಅಷ್ಟು ದೊಡ್ಡ ಸ್ಪೀಕರ್ ಯಾಕೆ? ಮಕ್ಕಳು ಕುಣಿದರು, ಟೀಚರ್‌ಗಳೂ ಕುಣಿದರು. ಅಮ್ಮ ಹತ್ತಿ ಕೇಳಿದರು, ಕಿವಿಗೆ ಇಡಲು. ಟೈಲರ್ ಬ್ಯಾಗಿನಲ್ಲಿ ಬಟ್ಟೆ ತುಂಡು ಇತ್ತು, ಅದನ್ನೇ ಇಟ್ಟುಕೊಂಡರು. ಸ್ವಲ್ಪ ಹೊತ್ತಿನಲ್ಲಿ ನೋಡುತ್ತೇನೆ, ಬಟ್ಟೆ ತುಂಡು ಕಿವಿಯಲ್ಲಿ, ಕೈ ಮಾತ್ರ ತಾಳಕ್ಕೆ ತೊಡೆ ತಟ್ಟುತ್ತಿತ್ತು.

ದ್ವೀಪದ ಹತ್ತಿರ ಇರುವುದು ಈ ಇಡೀ ಪ್ರಯಾಣದ ಕಷ್ಟದ ಜಾಗ. ದೊಡ್ಡ ಬೋಟು ದಡದವರೆಗೆ ಹೋಗುವುದಿಲ್ಲ, ಅಡಿಯಲ್ಲಿ ಕಲ್ಲು. ನಾವು ಹೋದ ದಿನ ಸ್ವಲ್ಪ ದೂರದಲ್ಲೇ ನಿಲ್ಲಿಸಿ, ಸಣ್ಣ ಬೋಟಿಗೆ ದಾಟಿಸಿದರು. ದೊಡ್ಡದು ಮೇಲೆ ಹೋದಾಗ ಸಣ್ಣದು ಕೆಳಗೆ, ಸಣ್ಣದು ಏರಿದಾಗ ದೊಡ್ಡದು ಇಳಿಯುತ್ತದೆ. ಎರಡೂ ಸಮ ಆಗುವ ಒಂದು ಗಳಿಗೆ ಉಂಟು, ಆಗ ಕಾಲು ಹಾಕಬೇಕು. ಹುಡುಗರಿಗೆ ಅದು ಅಭ್ಯಾಸ, "ಈಗ" ಎಂದರು. ಅಮ್ಮ ಹಾಕಲಿಲ್ಲ. ಮತ್ತೆ "ಈಗ" ಎಂದರು. ಹಿಂದೆ ನಿಂತ ಮಕ್ಕಳು "ಅಜ್ಜೀ, ಅಜ್ಜೀ" ಎಂದು ಕೂಗಲು ಶುರು ಮಾಡಿದವು. ಅಮ್ಮ ಅವರನ್ನೆಲ್ಲ ಒಂದು ಸಲ ತಿರುಗಿ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಾಟಿದರು. ನನಗೆ ಬೆವರು ಇಳಿಯಿತು. ಇಲ್ಲಿ ಒಂದು ಗಟ್ಟಿ ಕೈಕಂಬಿ, ಮಡಚುವ ಮೆಟ್ಟಿಲು ಇಟ್ಟರೆ ಎಷ್ಟು ಜನ ವಯಸ್ಸಾದವರು ಬರಬಹುದು! ಬೋಟಿನವರೇ ಮನಸ್ಸು ಮಾಡಿದರೂ ಆಗುವ ಕೆಲಸ. ಮುನ್ನೂರರ ಮೇಲೆ ತೆಗೆದುಕೊಂಡ ಮೇಲೆ ಇಷ್ಟು ಕೇಳಬಹುದಲ್ವಾ. ಗಂಟು ಆಪರೇಷನ್ ಆಗಿ ಹೆಚ್ಚು ದಿನ ಆಗದವರು, ತಲೆ ಸುತ್ತು ಬರುವವರು ಈ ಒಂದು ಜಾಗಕ್ಕೋಸ್ಕರ ದ್ವೀಪ ಬಿಡುವುದೇ ಒಳ್ಳೆಯದು.

ದ್ವೀಪದಲ್ಲಿ ಮನೆ ಇಲ್ಲ, ಊರಿಲ್ಲ. ತೆಂಗಿನ ಮರ, ಕಲ್ಲು, ಚಿಪ್ಪು ತುಂಬಿದ ದಂಡೆ. ಬಾಟಲಿ, ಪ್ಲಾಸ್ಟಿಕ್ ಬಗ್ಗೆ ಕಟ್ಟುನಿಟ್ಟು ಉಂಟು, ಇರಲೂ ಬೇಕು. ಕಸ ಹಾಕಿ ಬರುವವರು ಆದರೂ ಹಾಕುತ್ತಾರೆ. ಶೌಚಕ್ಕೆ ದ್ವೀಪವನ್ನು ನಂಬಿಕೊಳ್ಳಬೇಡಿ, ಮಲ್ಪೆಯಲ್ಲೇ ಮುಗಿಸಿ ಹೊರಡಿ.

ಕಲ್ಲು ನೋಡಿ ಅಮ್ಮ ಮೊದಲು ಹೇಳಿದ ಮಾತು, "ಇದೇನು, ಬೀಡಿ ಕಟ್ಟು ನಿಲ್ಲಿಸಿಟ್ಟ ಹಾಗೆ ಉಂಟು!" ಸರಿಯಾಗಿ ಹಾಗೇ. ಒಂದಕ್ಕೊಂದು ಅಂಟಿದ ಕಂಬಗಳು. ಕೆಲವಕ್ಕೆ ಐದು ಮೂಲೆ, ಕೆಲವಕ್ಕೆ ಆರು, ಏಳು. ಯಾರೂ ಕೆತ್ತಿದ್ದಲ್ಲ. ನೆಲದೊಳಗಿನಿಂದ ಉಕ್ಕಿದ ಲಾವಾ ತಣಿಯುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರುಕು ಬಿಡುತ್ತದೆ. ಆ ಬಿರುಕು ಮೇಲಿನಿಂದ ಒಳಗೆ ಇಳಿಯುತ್ತಾ ಹೋದಂತೆ ಕಲ್ಲು ಹೀಗೆ ಕಂಬ ಕಂಬ ಆಗುತ್ತದೆ. ಇದು ಆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆಗ ಮಡಗಾಸ್ಕರ್ ನಮ್ಮ ಕರಾವಳಿಗೆ ಅಂಟಿಕೊಂಡಿತ್ತು, ಅದು ಬಿಟ್ಟು ಹೋಗುವ ಹೊತ್ತಿಗೆ ಉಕ್ಕಿದ ಲಾವಾ ಇದು. ಮಹಾರಾಷ್ಟ್ರ ಕಡೆಯ ದಖ್ಖನ್ ಕಲ್ಲಿಗಿಂತಲೂ ಇದಕ್ಕೆ ಎರಡು ಕೋಟಿ ವರ್ಷ ಜಾಸ್ತಿ ವಯಸ್ಸು. ಇದನ್ನೆಲ್ಲ ಹುಡುಗ ಓದಿಕೊಂಡು ಬಂದಿದ್ದ, ಅಜ್ಜಿಗೆ ಹೇಳಿದ. "ಮಡಗಾಸ್ಕರ್ ಎಲ್ಲಿ, ಮಡಗಾಂವ್ ಹತ್ತಿರವಾ?" ಎಂದು ಅಮ್ಮ ಕೇಳಿದರು. ಆಫ್ರಿಕಾದ ಹತ್ತಿರ ಎಂದಾಗ ನಂಬಲಿಲ್ಲ. ಇವತ್ತಿಗೂ ನಂಬಿಲ್ಲ.

ಭೂವಿಜ್ಞಾನ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದ್ದಾರೆ. ಕರ್ನಾಟಕದಲ್ಲಿ ಅಂಥವು ನಾಲ್ಕು. ಅದರಲ್ಲಿ ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಒಂದು. ತಮ್ಮ ದಿನಾ ಬೆಳಗ್ಗೆ ವಾಕಿಂಗ್ ಹೋಗಿ ಆ ಬಂಡೆಯ ಮೇಲೆ ಕೂತು ಫೋನ್ ನೋಡುತ್ತಾನೆ, ಅವನಿಗೆ ಇದು ಗೊತ್ತಿರಲಿಲ್ಲ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಮೇರಿಯ ಹೆಸರು ಇಟ್ಟ ಎಂಬ ಮಾತೂ ಉಂಟು. ಆತ ಬಂದಾಗ ಬೋಟಿನಿಂದ ಹೇಗೆ ಇಳಿದನೋ.

ನನಗೆ ಅತಿ ಇಷ್ಟವಾದದ್ದು ಇದು: ಕಂಬಗಳು ಬೇರೆ ಬೇರೆ ಎತ್ತರಕ್ಕೆ ಮುರಿದಿವೆ. ಹಾಗಾಗಿ ಅಲ್ಲಲ್ಲಿ ತಾನಾಗಿಯೇ ಮೆಟ್ಟಿಲು. ಟೇಪ್ ಹಿಡಿದು ನೋಡಿದೆ. ಏಳು ಇಂಚು, ಎಂಟು, ಮತ್ತೆ ಏಳು. ಅಮ್ಮನಿಗೆ ಹೇಳಿ ಮಾಡಿಸಿದ ಹಾಗೆ. ಯಾರೂ ಕರೆಯದೆ, ಯಾರೂ ತಳ್ಳದೆ ಅವರು ಹತ್ತಿ ಹೋದರು. ಮೇಲೆ ಹದಿನೆಂಟು ಇಂಚಿನ ಒಂದು ಕಂಬ ಸಿಕ್ಕಿತು, ಅದು ಸರಿಯಾಗಿ ಕುರ್ಚಿಯ ಎತ್ತರ. ಹತ್ತಿರವೇ ತೆಂಗಿನ ನೆರಳು. ಅಲ್ಲಿ ಕೂತವರು ಬೋಟಿನವರು ಸೀಟಿ ಊದುವವರೆಗೆ ಏಳಲಿಲ್ಲ. ಬಂದ ಮಕ್ಕಳಿಗೆಲ್ಲ ಬೀಡಿ ಕಟ್ಟುವ ಕಥೆ ಹೇಳಿದರು. ಒಂದು ಟೀಚರ್ ವಿಡಿಯೊ ಮಾಡಿಕೊಂಡರು.

ಆದರೆ ಒಣಗಿದ ಕಲ್ಲು ಮಾತ್ರ. ನೀರಿನ ಹತ್ತಿರದ ಕಲ್ಲಿಗೆ ಪಾಚಿ, ಭಯಂಕರ ಜಾರುತ್ತದೆ. ಕಲ್ಲಿನ ತುದಿಯಿಂದ ನೀರಿಗೆ ಬಿದ್ದು ಜೀವ ಕಳೆದುಕೊಂಡ ವಿದ್ಯಾರ್ಥಿಗಳಿದ್ದಾರೆ. ಕಾವಲಿನವರು ಸೀಟಿ ಊದಿದರೆ ಅವರ ಮೇಲೆ ಸಿಟ್ಟು ಮಾಡಬೇಡಿ. ದ್ವೀಪದಲ್ಲಿ ನಿಲ್ಲಲು ಒಂದು ಗಂಟೆ ಎಂದಿದ್ದರು. ನಮ್ಮಂಥವರಿಗೆ ಸಾಕು, ಕಲ್ಲು ನೋಡಲೆಂದೇ ಬಂದವರಿಗೆ ಸಾಲುವುದಿಲ್ಲ.

ವಾಪಸ್ ಬರುವಾಗ ದಾಟುವುದು ಸುಲಭವಾಯಿತು. ಸಣ್ಣ ಬೋಟಿನಿಂದ ದೊಡ್ಡದಕ್ಕೆ ಹತ್ತುವುದು ಇಳಿಯುವುದಕ್ಕಿಂತ ವಾಸಿ, ಹಿಡಿಯಲು ಅಂಚು ಸಿಗುತ್ತದೆ. ಮಲ್ಪೆಯಲ್ಲಿ ಊಟ ಮಾಡಿದೆವು. ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ, ಕುಚ್ಚಲಕ್ಕಿ ಅನ್ನ. ಬಂದರಿನ ಪಕ್ಕದಲ್ಲಿ ಮೀನು ಹಳತಾಗಿದ್ದರೆ ಆಶ್ಚರ್ಯ, ಹೊಸತಾಗಿದ್ದರೆ ಅಲ್ಲ. ಹಾಗಾಗಿ ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಆಮೇಲೆ ವಡಭಾಂಡೇಶ್ವರ ದೇವಸ್ಥಾನಕ್ಕೆ ಹೋದೆವು. ಬಲರಾಮನ ಗುಡಿ. ಬಿರುಗಾಳಿಗೆ ಸಿಕ್ಕಿದ ಹಡಗನ್ನು ಮಧ್ವಾಚಾರ್ಯರು ಇದೇ ಕಡಲ ತೀರದಿಂದ ಪಾರು ಮಾಡಿದರು, ಹಡಗಿನವರು ಕೊಟ್ಟ ಗೋಪಿಚಂದನದ ಗಡ್ಡೆಯಲ್ಲಿ ಉಡುಪಿಯ ಕೃಷ್ಣ ಸಿಕ್ಕಿದ ಎಂಬ ಕಥೆಯನ್ನು ಅಮ್ಮ ಹುಡುಗನಿಗೆ ಹೇಳಿದರು. "ಅವರಿಗೂ ಲೈಫ್ ಜಾಕೆಟ್ ಇರಲಿಲ್ಲವಾ ಅಜ್ಜಿ?" ಎಂದು ಅವನು ಕೇಳಿದ.

ಬಂದರಿನ ಪಕ್ಕದ ಸೀವಾಕ್‌ಗೂ ಹೋಗಿ ಬನ್ನಿ. ಸಮುದ್ರದೊಳಕ್ಕೆ ಚಾಚಿದ ದಾರಿ, ದ್ವೀಪ ಅಲ್ಲಿಂದ ಕಾಣುತ್ತದೆ. ಬೋಟು ಹತ್ತಲು ಆಗದವರನ್ನು ಇಲ್ಲಿ ಕೂರಿಸಿ, ಉಳಿದವರು ದ್ವೀಪಕ್ಕೆ ಹೋಗಿ ಬರಬಹುದು.

ವಾಪಸ್ ನಾವು ಬಸ್ಸಿಗೆ ಬಂದೆವು. ಸಂಜೆಯ ರೈಲಿಗೆ ಕಾದು, ಮತ್ತೆ ಇಂದ್ರಾಳಿಗೆ ರಿಕ್ಷಾ ಮಾಡುವುದಕ್ಕಿಂತ ಇದು ಸುಲಭ. ಉಡುಪಿಯಿಂದ ಮಂಗಳೂರಿಗೆ ಬಸ್ಸು ಒಂದರ ಹಿಂದೆ ಒಂದು ಇರುತ್ತದೆ, ರಿಸರ್ವೇಷನ್ ಬೇಡ. ಮೊದಲ ಮೆಟ್ಟಿಲು ಎತ್ತರ, ಅದು ಹೇಳಿ ಆಯಿತು. ಕಂಡಕ್ಟರ್ ಕೈ ಕೊಟ್ಟರು.

ಯಾರಾದರೂ ನನ್ನನ್ನು ಕೇಳಿದರೆ ಹೀಗೆ ಹೇಳುತ್ತೇನೆ: ಹೋಗುವಾಗ ರೈಲು, ಬರುವಾಗ ಬಸ್ಸು. ಬೋಟು ಬಂದರಿನಿಂದ, ವಾರದ ನಡುವೆ, ಬೆಳಗ್ಗೆ. ಅಮ್ಮನನ್ನು ಮತ್ತೆ ಬರುತ್ತೀರಾ ಎಂದು ಕೇಳಿದೆ. ಕೈಕಂಬಿ ಹಾಕಿದ ಮೇಲೆ ಹೇಳು ಎಂದರು. ಮತ್ತೊಂದು, ಮಧ್ಯಾಹ್ನದ ಮೇಲೆ ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಬರುವುದಾದರೆ ಎಡಬದಿಯ ಸೀಟು ಹಿಡಿಯಿರಿ. ಬಲಬದಿಗೆ ಮುಲ್ಕಿಯವರೆಗೂ ಬಿಸಿಲು ಹೊಡೆಯುತ್ತದೆ, ಪರದೆ ಇದ್ದರೂ ಪ್ರಯೋಜನ ಇಲ್ಲ.